ಬಾಯಿಮಾತಿನ ಕಾನೂನು ಮತ್ತು ಸೀಗಡಿ ಜಾಡಿ

ಆ ಒಂದು ಹಾಳೆ ಸರ್ಟಿಫಿಕೇಟಿಗೆ ನಾನು ತೆತ್ತದ್ದು ಒಂದು ಪಿಂಗಾಣಿ ಜಾಡಿ, ಒಬ್ಬ ಏಜೆಂಟು ಮತ್ತು ಜಯನಗರದ ಹನ್ನೊಂದು ಮನೆಗಳ ಗಿರಾಕಿ. ಜಾಡಿ ಹೋದದ್ದು ಯಹೂದಿಗಳ ಬಾಯಿಮಾತಿನ ಕಾನೂನಿನಿಂದ. ಏಜೆಂಟು ಹೋದದ್ದು ನನ್ನ ಬಾಯಿಂದ. ಹನ್ನೊಂದು ಮನೆಗಳು ಹೋದದ್ದು ನನ್ನ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಕ್ರೈಸ್ತ ಹೆಂಗಸು ಕೇಳಿದ ಒಂದೇ ಪ್ರಶ್ನೆಯಿಂದ. ಅಯ್ಯೋ ಪಾಪ, ನಷ್ಟವಾಯಿತಲ್ಲ ಎಂದು ಯಾರಾದರೂ ಮರುಗಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಚೌಕಾಸಿ ನಡೆಯದೆ ನಾನು ಕೊಂಡದ್ದು ಜೀವಮಾನದಲ್ಲಿ ಅದೊಂದನ್ನೇ, ಮತ್ತು ಅದು ಸರಿಯಾದ ಬೆಲೆಯೇ ಆಗಿತ್ತು.

ನಾನು ಉಪ್ಪಿನಕಾಯಿ ಹಾಕಲು ಶುರು ಮಾಡಿದ್ದು ಚಿಕ್ಕಲಸಂದ್ರದ ಬಾಡಿಗೆ ಮನೆಯಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ. ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಮೂಟೆಯ ಬಾಯಿ ಬಿಚ್ಚಿಸಿ, ಕೈಯನ್ನು ಮೊಣಕೈವರೆಗೂ ಇಳಿಸಿ, ತಳದ ಹಣ್ಣನ್ನು ಮೇಲೆ ತಂದು ನೋಡುತ್ತಿದ್ದೆ. ವ್ಯಾಪಾರಿಗಳು ನನ್ನನ್ನು ಕಂಡರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು. ಐದಾರು ವರ್ಷಗಳಲ್ಲಿ ಕೋಣನಕುಂಟೆಯಲ್ಲಿ ಒಂದು ಶೀಟಿನ ಶೆಡ್, ಏಳು ದೊಡ್ಡ ಜಾಡಿ, ನಾಲ್ವರು ಹೆಂಗಸರು. ಅವರಲ್ಲಿ ಹಿರಿಯಳು ಈ ಕ್ರೈಸ್ತಳು. ಕಾನ್ವೆಂಟಿನಲ್ಲಿ ಓದಿದವಳು, ಗಂಡ ಹೋದ ಮೇಲೆ ಕೆಲಸಕ್ಕೆ ಬಂದವಳು. ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುತ್ತಿದ್ದಳು, ಭಾನುವಾರ ಮಾತ್ರ ಏನು ಕೊಟ್ಟರೂ ಬರುತ್ತಿರಲಿಲ್ಲ.

ವಿದೇಶಕ್ಕೆ ಕಳಿಸುವ ಒಂದು ಕಂಪನಿ ನನ್ನ ನಿಂಬೆ ಉಪ್ಪಿನಕಾಯಿಯನ್ನು ಮೆಚ್ಚಿತು. ಆದರೆ ಅದಕ್ಕೆ ಕೋಷರ್ ಸರ್ಟಿಫಿಕೇಟ್ ಬೇಕು ಎಂದಿತು. ಇದು ಯಹೂದಿಗಳು ತಿನ್ನಬಹುದಾದ ಪದಾರ್ಥ ಎಂದು ಅವರದೇ ಧರ್ಮದ ಪಂಡಿತರೊಬ್ಬರು ಬಂದು ನೋಡಿ ಕೊಡುವ ಕಾಗದ ಅದು. ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ಮಳೆಗಾಲದಲ್ಲಿ ಇಬ್ಬರು ಹೆಂಗಸರನ್ನು ಮನೆಗೆ ಕಳಿಸಬೇಕಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪಂಡಿತರು ಬಂದರು. ನರೆತ ಗಡ್ಡ, ಕಪ್ಪು ಟೋಪಿ, ಕೈಯಲ್ಲೊಂದು ಟಾರ್ಚು. ಜೊತೆಗೆ ಕಂಪನಿಗೂ ನನಗೂ ನಡುವೆ ಓಡಾಡುತ್ತಿದ್ದ ಮಡಿವಾಳದ ಏಜೆಂಟು. ನನ್ನ ಇಂಗ್ಲಿಷು ಬಸ್ ಕಂಡಕ್ಟರ್ ಜೊತೆ ಜಗಳ ಆಡುವಷ್ಟಿತ್ತು, ಧರ್ಮಶಾಸ್ತ್ರಕ್ಕೆ ಸಾಲದು. ಹಾಗಾಗಿ ನಮ್ಮ ಕ್ರೈಸ್ತಳೇ ದುಭಾಷಿಯಾದಳು.

ಅವರು ಕೇಳಿದ ಪ್ರಶ್ನೆಗಳಿಗೆ ನನ್ನ ತಲೆ ಕೆಟ್ಟಿತು. ವಿನೆಗರ್ ಯಾವುದರಿಂದ ಮಾಡಿದ್ದು? ಈ ಕೊಳಗದಲ್ಲಿ ಹಿಂದೆ ಏನು ಬೇಯಿಸಿದ್ದಿರಿ? ಎಷ್ಟು ದಿನದ ಹಿಂದೆ? ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟೆ:

"ಕೇಳೇ ಇವರನ್ನ, ಇದೆಲ್ಲ ಅವರ ಪುಸ್ತಕದಲ್ಲಿ ಎಲ್ಲಿ ಬರ್ದಿದೆ ಅಂತ."

ಅವಳು ಕೇಳಿದಳು. ಅವರು ನಕ್ಕು, ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಬರ್ದಿಲ್ವಂತೆ ಅಕ್ಕ. ಮೇಕೆಮರೀನ ಅದರ ತಾಯಿ ಹಾಲಲ್ಲಿ ಬೇಯಿಸ್ಬೇಡ ಅಂತ ಒಂದು ಮಾತು ಇದೆಯಂತೆ. ಹಾಲಿಗೊಂದು ಮಾಂಸಕ್ಕೊಂದು ಪಾತ್ರೆ ಇರ್ಬೇಕು, ಹೀಗೆ ತೊಳೀಬೇಕು ಅನ್ನೋದೆಲ್ಲ ಬಾಯಿಂದ ಬಾಯಿಗೆ ಬಂದಿದ್ದಂತೆ. ಬೆಟ್ಟದ ಮೇಲೆ ದೇವ್ರು ಅರ್ಧ ಬರ್ಸಿ ಕೊಟ್ಟ, ಅರ್ಧ ಬಾಯಲ್ಲಿ ಹೇಳ್ದ, ಗುರು ಶಿಷ್ಯಂಗೆ ಹೇಳ್ತಾ ಬಂದ ಅಂತ ಇವರ ಹಿರಿಯರು ನಂಬ್ತಾರಂತೆ. ಚರಿತ್ರೆ ಓದಿದವ್ರು ಮಾತ್ರ, ಅಲ್ಲ, ಇದು ನೂರಾರು ವರ್ಷ ನಿಧಾನಕ್ಕೆ ಬೆಳೀತು ಅಂತಾರಂತೆ. ಎರಡನ್ನೂ ಹೇಳ್ಬಿಡ್ತೀನಿ, ನೀವು ವ್ಯಾಪಾರದವರು, ಆರಿಸ್ಕೊಳ್ಳಿ ಅಂತಿದಾರೆ."

ಮುಂದಿನದನ್ನೂ ಹೇಳಿದರು. ಅವರ ದೊಡ್ಡ ದೇವಾಲಯ ಸುಟ್ಟುಹೋಯಿತು, ಬಲಿ ನಿಂತಿತು. ಆಮೇಲೆ ಮನೆಮನೆಯ ಊಟದ ಮೇಜೇ ಬಲಿಪೀಠದ ಜಾಗಕ್ಕೆ ಬಂತು. ನೆನಪಿಟ್ಟುಕೊಂಡವರು ಒಬ್ಬೊಬ್ಬರೇ ಸಾಯತೊಡಗಿದರು. ಇನ್ನು ಬಾಯಿಯನ್ನು ನಂಬಿದರೆ ಎಲ್ಲವೂ ಹೋಗುತ್ತದೆ ಎಂಬ ಹೆದರಿಕೆಯಿಂದ ಕೊನೆಗೆ ಬರೆದಿಟ್ಟರು. ಬರೆಯುವಾಗ ಒಂದು ಅಭಿಪ್ರಾಯವನ್ನಷ್ಟೇ ಬರೆಯಲಿಲ್ಲ, ವಾದದಲ್ಲಿ ಸೋತವರ ಮಾತನ್ನೂ ಪಕ್ಕದಲ್ಲೇ ಬರೆದರು.

ನಮ್ಮ ದುಭಾಷಿ ಇಷ್ಟು ಹೇಳುವ ಹೊತ್ತಿಗೆ ಅವಳ ಮುಖ ಬಿಗಿದಿತ್ತು. ನನಗೆ ತರ್ಜುಮೆ ಮಾಡುವುದನ್ನು ಬಿಟ್ಟು ಅವರಿಗೇ ಇಂಗ್ಲಿಷಿನಲ್ಲಿ ಏನೋ ಜೋರಾಗಿ ಅಂದಳು.

"ಏನಂದೆ?"

"ನಮ್ ಸ್ವಾಮಿ ಇವರ ಹಿರಿಯರ ಜೊತೆ ಜಗಳ ಆಡಿದ್ದೇ ಇದಕ್ಕೆ ಅಂದೆ ಅಕ್ಕ. ಶಿಷ್ಯರು ಕೈ ತೊಳೀದೆ ಊಟಕ್ಕೆ ಕೂತ್ರು ಅಂತ ಇವ್ರು ಆಕ್ಷೇಪಣೆ ಮಾಡಿದ್ರು. ದೇವರ ಮಾತು ಬಿಟ್ಟು ಹಿರಿಯರ ಕಟ್ಟಳೆ ಹಿಡ್ಕೊಂಡಿದೀರಿ ಅಂತ ಸ್ವಾಮಿ ಮುಖಕ್ಕೇ ಹೇಳಿದ್ರು."

ಕೆಲಸ ಕೆಟ್ಟಿತು ಎಂದುಕೊಂಡೆ. ಏಜೆಂಟು ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಈ ಆಂಟೀನ ಒಳಗೆ ಕಳ್ಸಿ, ಮತಪ್ರಚಾರ ಆಮೇಲೆ ಮಾಡ್ಲಿ" ಎಂದ. ಆದರೆ ಪಂಡಿತರಿಗೆ ಕೋಪ ಬರಲಿಲ್ಲ. ಇದಕ್ಕಾಗಿಯೇ ಕಾಯುತ್ತಿದ್ದವರಂತೆ ಮುಂದಕ್ಕೆ ಬಾಗಿದರು. ಅವಳು ಮನಸ್ಸಿಲ್ಲದ ಮನಸ್ಸಿನಿಂದ ಅವರ ಉತ್ತರವನ್ನು ಕನ್ನಡಕ್ಕಿಳಿಸಿದಳು.

"ಬೀದಿಯಲ್ಲಿ ಹೋಗೋರ ಜೊತೆ ಯಾರಾದ್ರೂ ಸಾರಿಗೆ ಹುಳಿ ಎಷ್ಟು ಅಂತ ಜಗಳ ಆಡ್ತಾರಾ, ಒಂದೇ ಮನೆಯವರು ಆಡ್ತಾರೆ ಅಂತಿದಾರೆ. ಸ್ವಾಮಿ ಇವರಲ್ಲೇ ಹುಟ್ಟಿದ್ದು, ಮೊದಲ ಶಿಷ್ಯರೆಲ್ಲ ಇವರ ಜನಾನೇ. ಆಮೇಲೆ ಹೊರಗಿನೋರು ಸೇರಿದಾಗ ಅವರ ಮೇಲೆ ಊಟದ ಕಟ್ಟಳೆ ಎಷ್ಟು ಹೊರಿಸ್ಬೇಕು ಅಂತ್ಲೇ ಶಿಷ್ಯರಲ್ಲಿ ದೊಡ್ಡ ಜಗಳ ಆಯ್ತಂತೆ." ನೆಲ ನೋಡುತ್ತಾ ಹೇಳಿದಳು: "ಇನ್ನೊಂದೂ ಅಂತಿದಾರೆ. ಸ್ವಾಮಿ ಒಂದಕ್ಷರ ಬರ್ದಿಡಲಿಲ್ಲವಲ್ಲ, ಅವರ ಮಾತೂ ಎಷ್ಟೋ ವರ್ಷ ಬಾಯಲ್ಲೇ ಇತ್ತಲ್ಲ, ಕೇಳಿದವರು ಸಾಯ್ತಾ ಬಂದಾಗ ನೀವೂ ಬರ್ದಿರಲ್ಲ ಅಂತ."

"ಅದು ಸುಳ್ಳಾ?"

"ಸುಳ್ಳಲ್ಲ. ಅದಕ್ಕೇ ಸಿಟ್ಟು ಬರ್ತಿರೋದು."

ನಾನು ನಕ್ಕೆ. ನನಗೆ ನನ್ನ ಅಜ್ಜಿ ನೆನಪಾಗಿದ್ದಳು. ಮಡಿ, ಮುಸುರೆ, ಎಂಜಲು ಎಂದು ಅವಳು ಹಾಕುತ್ತಿದ್ದ ನೂರು ಕಟ್ಟಳೆಗಳಲ್ಲಿ ಒಂದನ್ನೂ ಅವಳು ಓದಿದವಳಲ್ಲ. ಎಲ್ಲಿ ಬರೆದಿದೆ ಎಂದು ಕೇಳಿದರೆ ನನ್ನತ್ತೆಯ ನಾಲಿಗೆ ಮೇಲೆ ಎನ್ನುತ್ತಿದ್ದಳು.

ಆಮೇಲೆ ಅವರು ಎದ್ದು ಜಾಡಿಗಳ ಹತ್ತಿರ ಹೋದರು. ಟಾರ್ಚು ಹಾಕಿ ಒಂದೊಂದರ ಒಳಗೂ ನೋಡಿ, ಸಹಜವಾಗಿ ಕೇಳಿದರು. ಇವುಗಳಲ್ಲಿ ಯಾವುದರಲ್ಲಾದರೂ ಮಾಂಸ? ಪೊರೆಯಿಲ್ಲದ ಮೀನು? ಸೀಗಡಿ?



ಹಿಂದಿನ ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂತಿದ್ದಾಗ, ಬಿಟಿಎಂನಲ್ಲಿ ಹುಡುಗರ ಪಿಜಿ ನಡೆಸುವವರೊಬ್ಬರು ಸೀಗಡಿ ಉಪ್ಪಿನಕಾಯಿ ಕೇಳಿದ್ದರು. ನಾನು ಸೀಗಡಿ ಮುಟ್ಟಿದವಳಲ್ಲ. ಈ ಕ್ರೈಸ್ತಳ ಕೈಯಲ್ಲಿ ಹಾಕಿಸಿದೆ, ಒಂದೇ ಸಲ, ಬಾಯಿ ಚೂರು ಒಡೆದಿದ್ದ ಏಳನೇ ಜಾಡಿಯಲ್ಲಿ. ಆಮೇಲೆ ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಅದರಲ್ಲೇ ನಿಂಬೆ ಹಾಕಿ ಜಯನಗರದ ಮನೆಗಳಿಗೆ ಕೊಟ್ಟಿದ್ದೆ.

ಏಜೆಂಟು ಕನ್ನಡದಲ್ಲಿ ನಗುನಗುತ್ತಲೇ ಹೇಳಿದ: "ಇಲ್ಲ ಅಂದ್ಬಿಡಿ ಮೇಡಂ. ಏಳೂ ಒಂದೇ ಥರ ಇದೆ, ಇವರಿಗೇನು ಕನಸು ಬೀಳತ್ತಾ?"

ನಾನೂ ಅವಳಿಗೆ ಹೇಳಿದೆ, ಸುಳ್ಳು ಹೇಳುವುದಿಲ್ಲ ಈಗ: "ಇಲ್ಲ ಅಂತ ಹೇಳ್ಬಿಡೇ."

ಅವಳು ಕೈಯೊರೆಸಿಕೊಳ್ಳುತ್ತಾ ನನ್ನನ್ನು ನೋಡಿದಳು. "ಇಲ್ಲ ಅನ್ನೋಕೆ ಇಂಗ್ಲಿಷ್ ಯಾಕಕ್ಕ? ನೀವೇ ತಲೆ ಅಲ್ಲಾಡ್ಸಿ, ಸಾಕು. ನನ್ ಬಾಯಿಂದ ಬೇಡ."

ಪಂಡಿತರು ಕಾಯುತ್ತಿದ್ದರು. ಅವರ ಕೈಯಲ್ಲಿ ಬಿಳಿ ಹಾಳೆ, ಪೆನ್ನಿನ ಕ್ಯಾಪು ತೆಗೆದಿತ್ತು. ನನ್ನ ಬಾಯಿಂದ ಏನು ಬರುತ್ತದೋ ಅದನ್ನು ಬರೆಯುವವರು. ಏಳು ಸಮುದ್ರದಾಚೆ ಯಾರೋ ಅಜ್ಜಿ ಆ ಹಾಳೆಯನ್ನು ನಂಬಿ ತನ್ನ ಮೊಮ್ಮಕ್ಕಳಿಗೆ ಬಡಿಸುತ್ತಾಳೆ. ನನ್ನಜ್ಜಿಯ ಎಲೆಗೆ ಯಾರಾದರೂ ಹೀಗೆ ಮಾಡಿದ್ದರೆ? ತಲೆ ಅಲ್ಲಾಡಿಸಲು ಕತ್ತು ತಿರುಗಲಿಲ್ಲ.

"ಯೆಸ್" ಎಂದೆ. "ಒನ್ ಟೈಮ್. ದಿಸ್ ಒನ್." ಏಳನೇ ಜಾಡಿಯ ಮೇಲೆ ಕೈಯಿಟ್ಟು ಹೇಳಿದೆ. "ನಾನು ಹಾಕ್ಸಿದ್ದು, ಇವಳದ್ದೇನೂ ತಪ್ಪಿಲ್ಲ ಅಂತಾನೂ ಹೇಳು."

ಏಜೆಂಟು ಹಣೆ ಚಚ್ಚಿಕೊಂಡ. ಪಂಡಿತರು ಮಾತ್ರ ತಲೆಯಾಡಿಸಿ ಬರೆದುಕೊಂಡರು. ಲೋಹದ ಕೊಳಗಗಳನ್ನು ಒಂದು ದಿನ ಮುಟ್ಟದೆ ಇಟ್ಟು ಕುದಿಯುವ ನೀರಿನಲ್ಲಿ ಮುಳುಗಿಸಬೇಕು. ಸೀಗಡಿ ಹುರಿದ ಬಾಣಲೆಯನ್ನು ಕೆಂಪಗೆ ಕಾಯಿಸಬೇಕು. ಪಿಂಗಾಣಿಯಂತೆ ಮಣ್ಣಿನಲ್ಲಿ ಮಾಡಿ ಸುಟ್ಟದ್ದು ಮಾತ್ರ ಕುಡಿದದ್ದನ್ನು ಬಿಡುವುದಿಲ್ಲ, ಆ ಜಾಡಿ ಹೊರಗೆ. ನಾನು ಚೌಕಾಸಿ ಮಾಡಿ ನೋಡಿದೆ. ಮೂರು ದಿನ ಕುದಿಸಿದರೆ? ಹುಣಸೆಹಣ್ಣು ಹಾಕಿದರೆ? ಬಗ್ಗಲಿಲ್ಲ. ನನ್ನಜ್ಜಿಯೂ ಹೀಗೆಯೇ: ತಾಮ್ರವಾದರೆ ತಿಕ್ಕು, ಮಣ್ಣಾದರೆ ಬಿಡು.

ಏಜೆಂಟು ಹೊರಗೆ ನಿಂತು ರೇಗಿದ. "ನಿಮ್ಮ ಸತ್ಯ ನೀವೇ ಉಪ್ಪಿನಕಾಯಿ ಹಾಕ್ಕೊಳ್ಳಿ ಮೇಡಂ, ನನ್ ಹೆಸರು ಕೆಡ್ತು."

"ನಿನ್ ಹೆಸರು ಸೀಗಡಿಗಿಂತ ಮುಂಚೇನೇ ಕೆಟ್ಟಿತ್ತು, ಹೋಗಪ್ಪ" ಎಂದೆ. ಮುಂದೆ ಕಂಪನಿಯ ಜೊತೆ ನಾನೇ ನೇರವಾಗಿ ಮಾತಾಡಿದೆ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಏಳನೇ ಜಾಡಿಯನ್ನು ತೊಳೆಯುತ್ತಾ ತಿರುಗಿಯೂ ನೋಡದೆ ಕೇಳಿದಳು: "ಅವರಿಗೆ ಹೇಳಿದ್ರಿ ಸರಿ. ಜಯನಗರದೋರಿಗೆ?"

"ಅವರು ಕೇಳಿಲ್ವಲ್ಲ."

"ಕೇಳಿದ್ರೆ ಮಾತ್ರ ಹೇಳೋದಾ ಅಕ್ಕ? ಎಲ್ಲಿ ಬರ್ದಿದೆ?"

ನನ್ನ ಪ್ರಶ್ನೆಯಿಂದಲೇ ನನ್ನನ್ನು ಹೊಡೆದಳು. ಒಂದು ವಾರ ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಿದೆ. ಆಮೇಲೆ ಜಯನಗರದ ಬಾಗಿಲು ಬಾಗಿಲಿಗೂ ಹೋಗಿ ಹೇಳಿದೆ. ಕೆಲವರು ನಕ್ಕರು, ಕೆಲವರು ಮುಖ ಸಿಂಡರಿಸಿ ಸುಮ್ಮನಾದರು. ಒಬ್ಬ ಹಿರಿಯಾಕೆ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು ಮೆಟ್ಟಿಲ ಮೇಲಿಟ್ಟರು.

"ಏನಮ್ಮ, ನಮ್ ಮನೆ ದೇವರ ನೈವೇದ್ಯಕ್ಕೂ ಹೋಗಿದೆ ಇದು! ಆ ಕ್ರಿಶ್ಚಿಯನ್ ಹೆಂಗಸನ್ನ ಸೇರಿಸ್ಕೊಂಡ್ರೆ ಇನ್ನೇನಾಗತ್ತೆ? ಮೊದ್ಲು ಅವಳನ್ನ ಬಿಡ್ಸು, ಆಮೇಲೆ ನೋಡೋಣ."

"ಹಾಕ್ಸಿದ್ದು ನಾನು, ನಿಮ್ ಹತ್ರ ತಪ್ಪಾಯ್ತು ಅಂತೀನಿ. ಹೇಳ್ಸಿದ್ದು ಅವಳು. ಅವಳಿಲ್ದೇ ಇದ್ದಿದ್ರೆ ನೀವು ಇನ್ನೂ ಚಪ್ಪರಿಸ್ತಾ ಇರ್ತಿದ್ರಿ. ಅವಳನ್ನ ಬಿಡ್ಸಲ್ಲ."

ಬಾಗಿಲು ಮುಚ್ಚಿತು. ಅಂಥ ಬಾಗಿಲುಗಳು ಹನ್ನೊಂದು. ನೈವೇದ್ಯದ ಮಾತು ಈಗಲೂ ಚುಚ್ಚುತ್ತದೆ, ಅದು ನನಗೆ ಸಲ್ಲಬೇಕಾದದ್ದೇ. ಅವಳನ್ನು ಬಿಡಿಸು ಎಂದದ್ದು ಸಲ್ಲುವುದಿಲ್ಲ. ಸರ್ಟಿಫಿಕೇಟು ತಿಂಗಳು ಕಳೆದು ಬಂತು, ಮಳೆಗಾಲದಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಏಳನೇ ಜಾಡಿಯನ್ನು ಅವಳೇ ಮನೆಗೆ ಒಯ್ದಳು. ಪ್ರತಿ ಕ್ರಿಸ್ಮಸ್ಸಿಗೆ ಅದರಲ್ಲಿ ಸೀಗಡಿ ಹಾಕುತ್ತಾಳೆ, ನನಗೆ ಮಾತ್ರ ಬೇರೆ ಡಬ್ಬದಲ್ಲಿ ಕಲ್ಕಲ್ ಎಂಬ ಸಿಹಿತಿಂಡಿ ಬರುತ್ತದೆ.

ನೀವು ಈ ಕೆಲಸಕ್ಕೆ ಇಳಿಯುವವರಾದರೆ ಕೇಳಿ. ಜಾಡಿ ಕೊಂಡ ದಿನವೇ ಅದರ ಕತ್ತಿನ ಮೇಲೆ ಪೇಂಟಿನಲ್ಲಿ ನಂಬರು ಬರೆಯಿರಿ, ಯಾವುದರಲ್ಲಿ ಏನು ಹಾಕಿದ್ದೀರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ನೆನಪಿರುವವರು ಯಾವಾಗಲೂ ಇರುವುದಿಲ್ಲ. ಮಾಂಸಕ್ಕೆ ಬೇರೆ ಜಾಡಿ, ಬೇರೆ ಮರದ ಸೌಟು, ಅದರಲ್ಲಿ ಜಿಪುಣತನ ಬೇಡ. ಕೊಳ್ಳುವವರಾದರೆ, ಈ ಜಾಡಿಯಲ್ಲಿ ಮುಂಚೆ ಏನಿತ್ತು ಎಂದು ಬಾಯಿಬಿಟ್ಟು ಕೇಳಿ. ಇನ್ನು ಭಾಷೆ ಬಾರದ ಕಡೆ ವ್ಯವಹಾರಕ್ಕೆ ಹೋಗುವಾಗ, ನಿಮ್ಮ ಪರವಾಗಿ ಸುಳ್ಳು ಹೇಳಲು ಒಪ್ಪದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಭಾನುವಾರ ರಜ ಕೇಳಿದರೆ ಕೊಟ್ಟುಬಿಡಿ.