ಹೂತ ಮಂಗ, ಗುಡಿಸಿದ ದರಕು

೨೦೦೩ನೆಯ ಇಸವಿ. ನನಗಾಗ ನಲವತ್ತಾರು ವರ್ಷ. ಸಿದ್ದಾಪುರದಲ್ಲಿ ಪ್ರೌಢಶಾಲೆಯ ಶಿಕ್ಷಕ. ಮಾರ್ಚ್ ತಿಂಗಳ ಒಂದು ಮುಂಜಾನೆ ಹೆಂಡತಿ ಭಾರತಿ ಗೋಡೆಗೊರಗಿ, "ಮೈಯೆಲ್ಲ ಬಡಿದ ಹಾಂಗೆ ಆಗ್ತು" ಎಂದಳು. ಹಣೆ ಮುಟ್ಟಿದೆ. ಕೆಂಡ.

ಮಂಗನ ಕಾಯಿಲೆ.

ಡಾಕ್ಟರು ಹೇಳುವ ಮೊದಲೇ ನನಗೆ ತಿಳಿದಿತ್ತು. ಕೆಲವು ದಿನಗಳ ಹಿಂದೆ ನಮ್ಮೂರು ಕಾನಸೂರಿನಲ್ಲಿ, ಗೊಬ್ಬರಕ್ಕೆ ಸೊಪ್ಪು ಕಡಿಯುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಆರೋಗ್ಯ ಇಲಾಖೆಗೆ ತಿಳಿಸಬೇಕಿತ್ತು. ತಿಳಿಸಿದರೆ ಪರೀಕ್ಷೆಗೆಂದು ಕೊಯ್ಯುತ್ತಾರೆ. ಹನುಮಂತನನ್ನು ಕೊಯ್ಯಿಸುವುದೆ? ಗಂಧ ಹಚ್ಚಿ, ಹೂವಿಟ್ಟು, ಗುಟ್ಟಾಗಿ ಹೂತೆ. ಪೂಜೆಯೊಂದಿಗೆ ದೋಷವೂ ಕಳೆಯಿತೆಂದು ನಂಬಿ, ಕೊಟ್ಟಿಗೆಗೆ ಹಾಸಲು ಅಲ್ಲಿಂದಲೇ ದರಕು ಗುಡಿಸಿ ತರುವಂತೆ ಭಾರತಿಯನ್ನು ಕಳುಹಿಸಿದೆ. ಸತ್ತ ಮಂಗದಿಂದಿಳಿದ, ರೋಗ ಹರಡುವ ಉಣ್ಣೆ ಹುಳುಗಳು ಆ ಒಣ ಎಲೆಗಳಲ್ಲಿಯೇ ಇದ್ದವು.

ಶಿರಸಿಯ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ವಸಡಿನಲ್ಲಿ ರಕ್ತ. "ಡ್ರಿಪ್ ಕೊಟ್ಟು ಕಾಯೋದೇ, ಮೇಷ್ಟ್ರೆ" ಎಂದರು ಡಾಕ್ಟರು. ಕಾದೆ. ನಿಜ ಹೇಳಿದರೆ ಅವಳು ಮತ್ತೆ ನನ್ನ ಮುಖ ನೋಡುವಳೆ? ಹೇಳುವ ಮೊದಲೇ ಹೋಗಿಬಿಟ್ಟರೆ?

ಒಂದು ಬೆಳಿಗ್ಗೆ ಡಾಕ್ಟರು ರಿಪೋರ್ಟ್ ಬೀಸುತ್ತ ಬಂದರು. "ಏರಿದೆ, ಮೇಷ್ಟ್ರೆ!"

ವಾರ್ಡಿನ ನಡುವೆಯೇ ಚಪ್ಪಾಳೆ ತಟ್ಟಿ ಕುಣಿದೆ! ನರ್ಸ್ ಗದರಿದರು. ಭಾರತಿ ಕಣ್ಣು ತೆರೆದಳು. "ಎಂತ ಇದು, ಯಕ್ಷಗಾನವಾ? ಎಂಗೆ ಗಂಜಿ ಬೇಕು." ಬೇಕು ಎಂದಳು! ಆ ಸಂತೋಷದ ಭರದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಗೋಡೆಯತ್ತ ತಿರುಗಿ ಮಲಗಿದಳು.

ಮರುದಿನ ಸಂಜೆ ತಾನಾಗಿಯೇ ಇತ್ತ ತಿರುಗಿದಳು. "ತಪ್ಪು ನಿಂಗ್ಳದ್ದೇ. ಅಲ್ಲ ಹೇಳಿ ಆನು ಹೇಳ್ತಿಲ್ಲೆ. ಹೀಂಗೆ ಮೋರೆ ಜೋತು ಹಾಕಿ ಕೂತ್ಕಂಡ್ರೆ ಯಾರಿಗೆ ಉಪಕಾರ? ಕರಿಯಣ್ಣನ ಮನೆಯವೂ ಅದೇ ಬೆಟ್ಟಕ್ಕೆ ಹೋಗ್ತ. ಅವಕ್ಕೆ ಹೇಳಿದ್ರಾ?"

ಹೇಳಿರಲಿಲ್ಲ. ನನ್ನ ಪಶ್ಚಾತ್ತಾಪವು ನನ್ನನ್ನು ಬಿಟ್ಟು ಬೇರೆ ಯಾರ ಬಗೆಗೂ ಯೋಚಿಸಿರಲಿಲ್ಲ.

ಬೆಳಗಾಗುತ್ತಲೇ ಊರಿನ ಮೊದಲ ಬಸ್ಸಿಗೆ ಓಡಿದೆ. ನೆರೆಯ ರೈತ ಕರಿಯಣ್ಣನ ಅಂಗಳದಲ್ಲಿ ನಿಂತು, ಏದುಸಿರಿನಲ್ಲಿಯೇ ಎಲ್ಲವನ್ನೂ ಹೇಳಿದೆ. ಅವನು ಕತ್ತಿ ಕೆಳಗಿಟ್ಟ. "ನಮ್ ಹುಡ್ರ ಕಿವಿ ಹಿಂಡ್ತಿದ್ರಲ್ಲ ಮೇಷ್ಟ್ರೆ, ಈಗ ನಿಮ್ದು ಕೊಡಿ." ಕೊಟ್ಟೆ. ನಿಜವಾಗಿಯೂ ಹಿಂಡಿದ! ಆಮೇಲೆ ಬೆಟ್ಟಕ್ಕೆ ಹೊರಟಿದ್ದ ಮಗಳನ್ನು ಕೂಗಿ ಹಿಂದೆ ಕರೆದ. ಆ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಭಾರತಿಗೆ ಜ್ವರ ಮರುಕಳಿಸಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಮರುಕಳಿಸಲಿಲ್ಲ. ಕೊನೆಯ ತಪಾಸಣೆ ಮುಗಿಸಿ ಶಿರಸಿಯ ನಿಲ್ದಾಣಕ್ಕೆ ಬಂದೆವು. ನಾನು ನಿಜ ಹೇಳಿದಂದಿನಿಂದ ಅವಳು ಮಂಚ, ಗೋಡೆ, ಕಿಟಕಿ ಹಿಡಿದು ನಡೆದಿದ್ದಳೇ ಹೊರತು ನನ್ನನ್ನು ಹಿಡಿದಿರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು. ತಿರುಗಿ ನೋಡಿದಳು.

"ಎಂತ ನೋಡ್ತಾ ನಿಂತ್ರಿ? ಕೈ ಕೊಡಿ."

ಅಂದು ೨೦೦೩ನೆಯ ಇಸವಿ, ಏಪ್ರಿಲ್ ಹದಿನಾರು, ಬುಧವಾರ.