ದೋಣಿಯಲ್ಲಿ ಕೂತ ಹೆಂಗಸು

ಮೊನ್ನೆ ಪಾಂಡವಪುರದ ಅಂಗಡಿಯೊಂದಕ್ಕೆ ಮಗಳಿಗೆ ಭೂಪಟ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಅಟ್ಟದಿಂದ ಹಳೇ ಸುರುಳಿಯೊಂದನ್ನು ಇಳಿಸಿ ಬಿಚ್ಚಿದ. ನುಸಿಗುಳಿಗೆ ಬೆರೆತ ಕಾಗದದ ವಾಸನೆ... ಬಂದ ಕೆಲಸ ಮರೆತು ನಿಂತುಬಿಟ್ಟೆ. ಶ್ರೀರಂಗಪಟ್ಟಣದಲ್ಲಿ ನಮ್ಮ ಎದುರುಮನೆ ಮೇಷ್ಟ್ರ ಹಜಾರ ಹೀಗೇ ನಾರುತ್ತಿತ್ತು.

ಮೇಷ್ಟ್ರಿಗೆ ಒಂದೇ ಹುಚ್ಚು. ಹಿಂದಿನ ಕಾಲದಲ್ಲಿ ಫ್ರಾನ್ಸಿನವರು ಹೊಸ ಕಾದಂಬರಿ ಬಂತೆಂದು ಸಾರಲು ಬೀದಿ ಗೋಡೆಗೆ ಅಂಟಿಸುತ್ತಿದ್ದ ಕಲ್ಲಚ್ಚಿನ ಪೋಸ್ಟರುಗಳು. ಕೋಟೆ ನೋಡಲು ಬಂದ ಫ್ರೆಂಚರನ್ನೆಲ್ಲ ಇಂಗ್ಲಿಷಿನಲ್ಲಿ ಮಾತಾಡಿಸಿ, ಆಮೇಲೆ ಕಾಗದ ಬರೆದು ಬರೆದು ತರಿಸಿಕೊಂಡಿದ್ದರು. ಫ್ರೆಂಚು ಮಾತ್ರ ಒಂದಕ್ಷರ ಬಾರದು!

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಅವುಗಳ ಕಡೆ ತಿರುಗಿಯೂ ನೋಡಿದವರಲ್ಲ. ಕಾಯಿಲೆ ಬಿದ್ದು ಹಜಾರದಲ್ಲೇ ಮಂಚ ಹಾಕಿಸಿಕೊಂಡ ಮೇಲೆ ಎದುರು ಗೋಡೆಯ ಪೋಸ್ಟರು ಕಣ್ಣಿಗೆ ಬಿತ್ತು. ದೋಣಿಯಲ್ಲಿ ಒಬ್ಬಳೇ ಕೂತ ಹೆಂಗಸು, ದಡದಲ್ಲಿ ಯಾರೂ ಇಲ್ಲ.

"ಪಾಪ, ಇವ್ಳು ಮನೆ ಸೇರ್ಕಂಡ್ಳಾ?" ಎಂದು ಕೇಳಿದರು.

ಗೊತ್ತಿಲ್ಲ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಕಥೆ ಶುರು ಮಾಡಿದರು, ದಿನಾ ಸಂಜೆ ಒಂದಿಷ್ಟು. ಆ ಫ್ರೆಂಚ್ ಹೆಂಗಸು ಹೇಮಗಿರಿಯಲ್ಲಿ ಹೊಳೆ ದಾಟಿದಳು, ನಾಗಮಂಗಲದಲ್ಲಿ ಹಿತ್ತಾಳೆ ಚೊಂಬಿಗೆ ಚೌಕಾಸಿ ಮಾಡಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಮನೆ ಮಾತ್ರ ಅವಳು ಸೇರಲೇ ಇಲ್ಲ.

ಅಕ್ಕನಿಗೆ ನಿಜವಾದ ಕಥೆ ಬೇಕೆನಿಸಿತು. ಮೇಷ್ಟ್ರು ಕೋಟೆಯ ಹತ್ತಿರ ಕಾದು ಫ್ರೆಂಚ್ ಹುಡುಗಿಯೊಬ್ಬಳನ್ನು ಕರೆತಂದರು. ಅವಳು ಓದಿ ಹೇಳಿದ್ದು ಇಷ್ಟೇ: ಕಾದಂಬರಿಯ ಹೆಸರು, ಬೆಲೆ, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ.

ಕಾಫಿ ಕುಡಿದು ಹುಡುಗಿ ಹೋದ ಮೇಲೆ ಅಕ್ಕ ಗಂಡನಿಗೆ ಹೇಳಿದರು: "ನೀವೇ ಯೋಳಿ, ನಿಮ್ದೇ ಸಂದಾಗದೆ. ಬಿರ್‍ರನೆ ಮನೆ ಸೇರಿಸ್ಬುಡಿ ಅವಳ್ನ."

ಮೇಷ್ಟ್ರು ಸೇರಿಸಲಿಲ್ಲ. ಕಥೆ ಮುಗಿದರೆ ಅಕ್ಕನೂ ಉಳಿಯುವುದಿಲ್ಲವೆಂಬ ಭಯ ಅವರಿಗೆ. ಎಳೆಯುತ್ತಲೇ ಹೋದರು... ಒಂದು ಮಧ್ಯಾಹ್ನ, ಕಥೆಯ ಹೊತ್ತಿಗೂ ಮುಂಚೆ, ಅಕ್ಕ ಹೋಗಿಬಿಟ್ಟರು.

"ಒಂದ್ ಮಾತಲ್ಲಿ ಆಗೋದು ಕಣಮ್ಮ. ಸೇರಿದ್ಲು ಅಂದಿದ್ರೆ ಆಗೋದು," ಎಂದು ಮೇಷ್ಟ್ರು ನನ್ನೆದುರು ಅತ್ತರು. ಆಮೇಲೆ ಒಂದು ಪೋಸ್ಟರನ್ನೂ ತರಿಸಲಿಲ್ಲ.

ಈಗ ಮೇಷ್ಟ್ರೂ ಇಲ್ಲ. ಪೋಸ್ಟರುಗಳನ್ನು ಯಾರೋ ಸಂಗ್ರಹಕಾರರು ಕೊಂಡೊಯ್ದರು. ಹುಡುಗಿ ಓದಿದ ಆ ಹೆಸರು ನನಗೆ ನೆನಪಿದೆ, ಫೋನಿನಲ್ಲಿ ಹುಡುಕಿದರೆ ಕಥೆ ಸಿಕ್ಕೀತು. ಧೈರ್ಯ ಬಂದಿಲ್ಲ. ಅದರಲ್ಲಿ ಅವಳು ಮನೆ ಸೇರಲಿಲ್ಲ ಎಂದಿದ್ದರೆ ಅಕ್ಕನನ್ನು ನೆನೆದು ಅಳಬೇಕು, ಸೇರಿದಳು ಎಂದಿದ್ದರೆ ಮೇಷ್ಟ್ರನ್ನು.