ಕೇಳಿ ಹೇಳ್ತೀನಿ

ಬೋರ್ಡಿನ ಮಾರ್ಕರಿನ ವಾಸನೆ ಸಂಜೆಯಾದರೂ ಬೆರಳು ಬಿಟ್ಟಿರಲಿಲ್ಲ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುವವನು ನಾನು. ಬೆಳಿಗ್ಗೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಸರ್, ಪ್ರೋಗ್ರಾಮಲ್ಲಿ ಒಂದು ಆಬ್ಜೆಕ್ಟು ತನ್ನ ಕೆಲಸಾನ ಇನ್ನೊಂದಕ್ಕೆ ಯಾಕ್ ಒಪ್ಪಿಸ್ಬೇಕು? ತಾನೇ ಮಾಡ್ಕೋಬೋದಲ್ವಾ?"

ಹೀಗೆ ಕೆಲಸ ಒಪ್ಪಿಸುವ ಡೆಲಿಗೇಶನ್ ಎಂದರೆ ಇಷ್ಟೇ ನೋಡಿ, ಎಂದೆ. ಪ್ರಶ್ನೆ ನನ್ನ ಬಳಿ ಬರುತ್ತದೆ, ಉತ್ತರ ಬಲ್ಲವರು ಬೇರೆ. ಅವರನ್ನು ಕೇಳಿ ಉತ್ತರವನ್ನು ನಾನೇ ಕೊಡುತ್ತೇನೆ. ಒಳಗೆ ಯಾರಿದ್ದಾರೆಂದು ಕೇಳಿದವನಿಗೆ ತಿಳಿಯಬೇಕಿಲ್ಲ. ಅಪ್ಪನ ಗುಣವೆಲ್ಲ ಮಗನಿಗೆ ಇಳಿಯುವ ಇನ್ಹೆರಿಟೆನ್ಸ್ ಬೇರೆಯ ಮಾತು. ಡೆಲಿಗೇಶನ್ ಬೇಕಾಗುವುದು ಪ್ರಶ್ನೆ ಬದಲಾದಂತೆ ಬಲ್ಲವರೂ ಬದಲಾಗುವಾಗ. ಇಷ್ಟು ಹೇಳುವಷ್ಟರಲ್ಲಿ ಸೂಲಿಬೆಲೆಯ ನಮ್ಮ ಮನೆಯ ಜಗಲಿ ನೆನಪಾಗಿ ಮಾತು ತಡವರಿಸಿತು.

ಯಾರು ಏನು ಕೇಳಿದರೂ ಅಪ್ಪ "ಕೇಳಿ ಹೇಳ್ತೀನಿ" ಎಂದು ಎದ್ದುಬಿಡುತ್ತಿದ್ದರು. ಹಸು ಕೊಡುತ್ತೀರಾ ಎಂದರೆ ಹಾಲು ಕರೆಯುವ ಅಮ್ಮನನ್ನು, ಬಿತ್ತನೆ ಯಾವಾಗ ಎಂದರೆ ಅಜ್ಜಿಯನ್ನು ಕೇಳಿ ಬರುತ್ತಿದ್ದರು. ಜಗಲಿಯಲ್ಲಿ ಕೂತವರು ಮುಸಿಮುಸಿ ನಗುತ್ತಿದ್ದರು. ಆಗ ತಾನೇ ಕಾಲೇಜು ಸೇರಿ ಜಂಬ ಹತ್ತಿದ್ದ ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಅಕ್ಕನನ್ನು ನೋಡಲು ಹೊಸಕೋಟೆ ಕಡೆಯವರು ಬಂದ ದಿನವಂತೂ ಕೇಳಬೇಡಿ. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹುಡುಗನ ದೊಡ್ಡಪ್ಪ, "ಏನ್ ಗೌಡ್ರೇ, ತಾಂಬೂಲ ಬದಲಾಯಿಸ್ಕೊಂಡ್ಬಿಡೋಣ್ವಾ?" ಎಂದರು.

"ಕೇಳಿ ಹೇಳ್ತೀನಿ" ಎಂದು ಅಪ್ಪ ಒಳಗೆ ಹೋದರು.

"ಈ ಮನೇಗೆ ಯಜಮಾನ ಯಾರಪ್ಪಾ?" ಎಂದು ಆ ದೊಡ್ಡಪ್ಪ ನನ್ನ ಕಡೆ ತಿರುಗಿ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಪ್ಪ ಕೇಳಿದ್ದು ಅಕ್ಕನನ್ನೇ. ಅವಳು ಬೇಡವೆಂದು ತಲೆಯಾಡಿಸಿದ್ದು ಬಾಗಿಲ ಸಂದಿಯಿಂದ ಕಂಡಿತು. ಅಪ್ಪ ಹೊರಗೆ ಬಂದು, "ನನಗೆ ಒಪ್ಪಿಗೆಯಿಲ್ಲ ಕಣ್ರೀ, ತಪ್ಪು ತಿಳ್ಕೋಬೇಡಿ" ಎಂದರು. ಅಕ್ಕನ ಹೆಸರನ್ನೇ ಎತ್ತಲಿಲ್ಲ. ಬಂದವರ ಕೊಂಕುಮಾತನ್ನೆಲ್ಲ ತಾವೊಬ್ಬರೇ ಕೇಳಿಸಿಕೊಂಡರು.

ಅಂಥ ಅಪ್ಪನ ಬಗ್ಗೆ ನಾನು ವರ್ಷಗಟ್ಟಲೆ ನಾಚಿಕೆಪಟ್ಟೆ. ಕೇಳಿದ ತಕ್ಷಣ ಉತ್ತರ ಕೊಡುವ ಗಂಡಸಾಗಬೇಕೆಂದುಕೊಂಡೆ, ಆಗಿಯೂಬಿಟ್ಟೆ. ಈಗ ನಮ್ಮ ಮನೆಯಲ್ಲಿ ಕಿಟಕಿಯ ಪರದೆಯಿಂದ ಹಿಡಿದು ಮಗಳು ಓದುವ ಕೋರ್ಸಿನವರೆಗೆ ಎಲ್ಲಕ್ಕೂ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಬೆಳಿಗ್ಗೆ ಆ ಹುಡುಗಿಯ ಮುಂದೆ ನಿಂತಿದ್ದಾಗ ನಾಚಿಕೆ ಮೊದಲ ಸಲ ಸರಿಯಾದ ವಿಳಾಸಕ್ಕೆ ಬಂದಿತ್ತು.

ಸಂಜೆ ಮನೆಯಲ್ಲಿ ಹೀಗೆ ಬೆರಳು ಮೂಸುತ್ತ ಕೂತಿರುವಾಗಲೇ ಫೋನು ಬಂತು. ನೆಲಮಂಗಲದ ಪರಿಚಯದವರು. ಅವರ ಹುಡುಗನಿಗೆ ನಮ್ಮ ಮಗಳನ್ನು ನೋಡಲು ಭಾನುವಾರ ಬರಬಹುದಾ ಎಂದರು. ಒಳ್ಳೆಯ ಮನೆತನ. "ಬನ್ನಿ ಬನ್ನಿ" ಎಂಬ ಮಾತು ಆಗಲೇ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಕೇಳಿ ಹೇಳ್ತೀನಿ" ಎಂದೆ.

ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದ ಮಗಳು ತಲೆ ಎತ್ತಿದಳು. "ಯಾರನ್ನ ಕೇಳ್ತೀಯಪ್ಪಾ?"

ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ.

"ನಿನ್ನನ್ನೇ ಕಣಮ್ಮಾ" ಎಂದೆ.

ಅವಳು ಹಿಂದಕ್ಕೆ ತಿರುಗಿ ನೋಡಿದಳು, ಅವರಮ್ಮ ಬಂದು ನಿಂತಿದ್ದಾಳೇನೋ ಎಂದು.